ನಮ್ಮ ವ್ಯಾಪ್ತಿಗೆ ಬರುವುದಿಲ್ಲ

ನಮ್ಮ ದೇಶದಲ್ಲಿ ಕೈಹಚ್ಚಿದ ಯಾವ ಕೆಲಸವೂ ಮುಗಿಯುವುದಿಲ್ಲ ಎಂದು ಗೊಣಗುವವರು ಒಮ್ಮೆ ಕ್ರಿಮಿನಲ್ ನ್ಯಾಯಾಲಯಗಳ ಕಡೆ ನೋಡಬೇಕು. ಅಗೆದ ರಸ್ತೆ ಮುಚ್ಚುವುದಿಲ್ಲ, ನಿಜ. ಅಣ್ಣತಮ್ಮಂದಿರ ಪಾಲಿನ ದಾವೆ ಮೊಮ್ಮಕ್ಕಳ ಕಾಲಕ್ಕೂ ಇತ್ಯರ್ಥವಾಗುವುದಿಲ್ಲ, ಅದೂ ನಿಜ. ಆದರೆ ಒಬ್ಬ ಮನುಷ್ಯನಿಗೆ ಶಿಕ್ಷೆ ಬರೆದು ನ್ಯಾಯಾಧೀಶರು ಸಹಿ ಹಾಕಿದರೆಂದರೆ ಅವರ ಮಟ್ಟಿಗೆ ಅದು ಮುಗಿದ ಕೆಲಸ. ದಂಡ ಪ್ರಕ್ರಿಯಾ ಸಂಹಿತೆಯ 362ನೇ ಸೆಕ್ಷನ್ ಹೀಗೆಂದು ಕಟ್ಟುನಿಟ್ಟಾಗಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಷ್ಟೋ ಸೆಕ್ಷನ್ನುಗಳ ನಂಬರು ಬದಲಿಸಿ ವಕೀಲರ ನಿದ್ದೆ ಕೆಡಿಸಿದರೂ ಈ ಮಾತನ್ನು ಮುಟ್ಟಲಿಲ್ಲ. 403ನೇ ಸೆಕ್ಷನ್ ಎಂದು ಜೋಪಾನವಾಗಿ ಎತ್ತಿಟ್ಟುಕೊಂಡಿತು. ಸಹಿಯಾದ ತೀರ್ಪನ್ನು ಅದೇ ನ್ಯಾಯಾಲಯ ಮತ್ತೆ ತೆರೆಯುವಂತಿಲ್ಲ. ಬರವಣಿಗೆಯ ತಪ್ಪು, ಲೆಕ್ಕದ ತಪ್ಪು ಇದ್ದರೆ ಮಾತ್ರ ತಿದ್ದಬಹುದು. ಎಂಥ ಔದಾರ್ಯ! ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೆ ಹಾಕಿಕೊಡುತ್ತಾರೆ. ಆ ಹೆಸರಿನವನು ಕೊಲೆಯನ್ನೇ ಮಾಡಿಲ್ಲ ಎಂಬುದು ಮಾತ್ರ ಬರವಣಿಗೆಯ ತಪ್ಪಿನ ಪೈಕಿ ಬರುವುದಿಲ್ಲ. ಅದಕ್ಕೆ ಬೇರೆ ಬಾಗಿಲು ತಟ್ಟಬೇಕು.

ಬಾಗಿಲುಗಳಿಗೇನೂ ಬರವಿಲ್ಲ. ಸೆಷನ್ಸ್ ಕೋರ್ಟಿನ ಮೇಲೆ ಹೈಕೋರ್ಟು, ಅದರ ಮೇಲೆ ಸುಪ್ರೀಂ ಕೋರ್ಟು, ಅಲ್ಲಿ ಸೋತರೆ ಅಲ್ಲಿಯೇ ಪುನರ್‌ಪರಿಶೀಲನಾ ಅರ್ಜಿ, ಅದೂ ಬಿದ್ದರೆ ಕ್ಯುರೇಟಿವ್ ಅರ್ಜಿ, ಆಮೇಲೆ ರಾಜ್ಯಪಾಲರು, ರಾಷ್ಟ್ರಪತಿಗಳು, ಅವರೂ ಆಗದೆಂದರೆ ಆ ಆಗದೆಂಬುದರ ಮೇಲೊಂದು ರಿಟ್ ಅರ್ಜಿ. ಪ್ರತಿ ಬಾಗಿಲಲ್ಲೂ ಸಿಗುವ ಉತ್ತರ ಸಭ್ಯವಾದದ್ದು, ಸಂಕ್ಷಿಪ್ತವಾದದ್ದು: ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಕೆಳಗಿನವರು ಸಹಿ ಆಗಿಹೋಯಿತಲ್ಲ ಎನ್ನುತ್ತಾರೆ. ಮೇಲಿನವರು ಸಾಕ್ಷ್ಯವನ್ನು ಹೊಸದಾಗಿ ತೂಗುವುದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ಅದಕ್ಕೂ ಮೇಲಿನವರು ಇದನ್ನು ನೀವು ಕೆಳಗೇ ಹೇಳಬೇಕಿತ್ತು ಎನ್ನುತ್ತಾರೆ. ಯಾರೂ ಸುಳ್ಳಾಡುತ್ತಿಲ್ಲ. ಎಲ್ಲರೂ ತಮ್ಮ ತಮ್ಮ ಗಡಿಯನ್ನು ಗೌರವಿಸುತ್ತಿದ್ದಾರೆ. ನೆರೆಯವನ ಬದುವಿನ ಮೇಲೆ ಅಂಗುಲದಷ್ಟೂ ಕಾಲಿಡದ ಇಂಥ ಸಂಯಮ ನಮ್ಮ ಹಳ್ಳಿಗಳಲ್ಲಿ ಇದ್ದಿದ್ದರೆ ಸಿವಿಲ್ ಕೋರ್ಟುಗಳೇ ಬೇಕಿರಲಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಹೇಳಿದ್ದು ಆ ಸಿವಿಲ್ ದಾವೆಗಳನ್ನು ನೋಡಿಯೇ ಇರಬೇಕು. ಕ್ರಿಮಿನಲ್ ಕಡೆಗೆ ಬಂದರೆ ಗಾದೆಯ ಕೊನೆಯ ಎರಡು ಪದಗಳು ಬರೀ ಆದೇಶದ ಸಾರಾಂಶ.

ಮೊದಲ ಬಾಗಿಲಿನ ಅಂದವನ್ನೇ ನೋಡಿ. 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಸೆಷನ್ಸ್ ಕೋರ್ಟಿನಲ್ಲಿ ಹತ್ತು ವರ್ಷವೋ ಜೀವಾವಧಿಯೋ ಶಿಕ್ಷೆಯಾದವನಿಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಕಾಲಾವಕಾಶ. ಮರಣದಂಡನೆ ಆದವನಿಗೆ 30 ದಿನ. ಉಳಿದಿರುವ ಆಯಸ್ಸಿಗೆ ತಕ್ಕಂತೆ ವಾಯಿದೆ ಕೊಡುವ ಈ ನ್ಯಾಯವನ್ನು ಯಾವ ಬ್ಯಾಂಕಿನವರೂ ಇನ್ನೂ ಕಲಿತಿಲ್ಲ. ಮರಣದಂಡನೆಯ ಕಡತ ಹೇಗೂ ದೃಢೀಕರಣಕ್ಕಾಗಿ ತಾನಾಗಿಯೇ ಹೈಕೋರ್ಟಿಗೆ ಹೋಗುತ್ತದಲ್ಲ ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ಹೋಗುತ್ತದೆ, ಅದಿಲ್ಲದೆ ಗಲ್ಲಿಗೇರಿಸುವಂತಿಲ್ಲ. ಹೀಗಿದ್ದೂ ಅವನ ಕೈಗೆ 30 ದಿನದ ಚೀಟಿ ಕೊಡುವುದು ಶಿಸ್ತು ಕಲಿಸುವುದಕ್ಕೆ. ಕಲಿತ ಶಿಸ್ತನ್ನು ಎಷ್ಟು ಕಾಲ ಬಳಸುತ್ತಾನೆಂಬುದು ಬೇರೆ ಮಾತು.

ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕೂತು ನೋಡುತ್ತಾರೆ. ಬೆಂಗಳೂರಿನ ಒಂದು ಘೋರ ಪ್ರಕರಣದಲ್ಲಿ 2006ರಲ್ಲಿ ಒಬ್ಬನಿಗೆ ಗಲ್ಲು ಶಿಕ್ಷೆಯಾಯಿತು. ಕರ್ನಾಟಕ ಹೈಕೋರ್ಟಿನ ಇಬ್ಬರೂ ಅವನು ಅಪರಾಧಿ ಎಂದರು. ಶಿಕ್ಷೆಯ ವಿಷಯಕ್ಕೆ ಬಂದಾಗ ಒಬ್ಬರು ಗಲ್ಲು ಎಂದರು, ಒಬ್ಬರು ಜೀವಾವಧಿ ಎಂದರು. ಮೂರನೆಯವರು ಬಂದು ಗಲ್ಲು ಎಂದ ಮೇಲೆ ವಿಷಯ ಇತ್ಯರ್ಥವಾಯಿತು. ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂಬುದು 1980ರಿಂದ ನಮ್ಮ ಕಾನೂನು. ಮೂವರಲ್ಲಿ ಒಬ್ಬ ವಿದ್ವಾಂಸರಿಗೆ ಅದು ಅಷ್ಟೇನೂ ಅಪರೂಪವಾಗಿ ಕಾಣದಿದ್ದರೆ ಅಡ್ಡಿಯಿಲ್ಲ; ಬಹುಮತ ಸಾಕು. ಪಂಚಾಯಿತಿ ಅಧ್ಯಕ್ಷನನ್ನು ಕೆಳಗಿಳಿಸಲು ಮೂರರಲ್ಲಿ ಎರಡು ಪಾಲು ಸದಸ್ಯರನ್ನು ಕಷ್ಟಪಟ್ಟು ಒಟ್ಟುಗೂಡಿಸಿದವರಿಗೆ ಈ ಗಣಿತದ ಸೊಗಸು ಕೂಡಲೇ ಹತ್ತುತ್ತದೆ.

ಬೆಳಗಾವಿಯ ಹಿಂಡಲಗಾ ಜೈಲಿನವರು ಇವರೆಲ್ಲರಿಗಿಂತ ಮುಂದಾಲೋಚನೆಯುಳ್ಳವರು. ಎಲ್ಲ ಮೇಲ್ಮನವಿ, ಎಲ್ಲ ಅರ್ಜಿ ಮುಗಿದು ಶಿಕ್ಷೆ ಜಾರಿಗೆ ಬರುವ ಹಂತಕ್ಕೆ ಬರುವವರೆಗೆ ಯಾರನ್ನೂ ಗಲ್ಲಿನ ಕೈದಿಯೆಂದು ಒಂಟಿ ಕೋಣೆಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1978ರ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿತ್ತು. ದಿಲ್ಲಿಯಿಂದ ಬೆಳಗಾವಿ ದೂರ. ಮೇಲೆ ಹೇಳಿದ ಕೈದಿಯನ್ನು 2006ರಿಂದ ಸುಮಾರು 10 ವರ್ಷ ಒಂಟಿಯಾಗಿ ಇಟ್ಟಿದ್ದರು. ಕಡತ ಹೈಕೋರ್ಟಿನಲ್ಲಿರಲಿ, ಸುಪ್ರೀಂ ಕೋರ್ಟಿನಲ್ಲಿರಲಿ, ರಾಷ್ಟ್ರಪತಿ ಭವನದಲ್ಲಿರಲಿ, ಕೈದಿ ಮಾತ್ರ ಕದಲದೆ ಒಂದೇ ಕಡೆ ಇದ್ದ. ವ್ಯಾಪ್ತಿಯ ಗೊಂದಲವೇ ಇಲ್ಲದ ಏಕೈಕ ಸ್ಥಳ ಅದು. ಕೊನೆಗೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ ಒಂಟಿವಾಸ ಅಕ್ರಮವಾದದ್ದೆಂಬ ಕಾರಣಕ್ಕೆ, ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಯಾಗಿ ಇಳಿಸಿತು. ವಕೀಲರ ವಾದಗಳಿಂದ ಉಳಿಯದ ಜೀವ ಜೈಲಿನವರ ತಪ್ಪಿನಿಂದ ಉಳಿಯಿತು. ಇಷ್ಟು ಒಳ್ಳೆಯ ಫಲ ಕೊಡುವ ತಪ್ಪನ್ನು ಹೊಗಳದಿರಲು ನನಗಾದರೂ ಮನಸ್ಸು ಬರುವುದಿಲ್ಲ.

ನಮ್ಮ ರಾಜ್ಯದಿಂದ ಹೋದ ಇನ್ನೊಂದು ಪ್ರಕರಣ ದೇಶಕ್ಕೇ ಹೊಸ ಶಿಕ್ಷೆಯೊಂದನ್ನು ಕೊಟ್ಟಿತು. ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎಂದಿನಂತೆ ಬೇರೆ ಬೇರೆಯಾದರು: ಒಬ್ಬರಿಗೆ ಗಲ್ಲು ಸರಿ, ಒಬ್ಬರಿಗೆ ಸಾಯುವವರೆಗೆ ಜೈಲು ಸರಿ. 2008ರಲ್ಲಿ ಮೂವರ ಪೀಠ ನೋಡಿತು. ಗಲ್ಲು ಹೆಚ್ಚಾಯಿತು, ಆದರೆ ಜೀವಾವಧಿ ಎಂದರೆ ಸರ್ಕಾರ 14 ವರ್ಷಕ್ಕೆ ಮಾಫಿ ಮಾಡಿ ಕಳಿಸಿಬಿಡುತ್ತದೆ, ಅದು ಕಡಿಮೆಯಾಯಿತು. ಆದ್ದರಿಂದ ಎರಡರ ನಡುವೆ, ಮಾಫಿಯೇ ಇಲ್ಲದ ಜೀವಾವಧಿ ಎಂಬ ಮೂರನೆಯದೊಂದು ಹುಟ್ಟಿತು. ದಂಡ ಸಂಹಿತೆಯಲ್ಲಿ ಇದು ಬರೆದಿರಲಿಲ್ಲ. ಸಂಸತ್ತು ಇದನ್ನು ಕೇಳಿರಲಿಲ್ಲ. 2015ರಲ್ಲಿ ಐವರ ಸಂವಿಧಾನ ಪೀಠ, 3 ಕ್ಕೆ 2 ಮತಗಳಿಂದ, ಈ ಶಿಕ್ಷೆ ಊರ್ಜಿತ, ಆದರೆ ಇದನ್ನು ವಿಧಿಸುವ ಅಧಿಕಾರ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದಿತು. ಅಂದರೆ ಸಾಕ್ಷಿಗಳ ಮುಖ ನೋಡಿ, ಆರೋಪಿಯ ಮಾತು ಕೇಳಿ ವಿಚಾರಣೆ ನಡೆಸಿದ ಸೆಷನ್ಸ್ ನ್ಯಾಯಾಧೀಶರು ಒಬ್ಬನನ್ನು ಗಲ್ಲಿಗೆ ಹಾಕಬಹುದು. ಮಾಫಿಯಿಲ್ಲದೆ ಜೈಲಿನಲ್ಲಿ ಉಳಿಸಿಕೊಳ್ಳಲು ಮಾತ್ರ ಅವರಿಗೆ ಅಧಿಕಾರ ಸಾಲದು. ಕೊಲ್ಲುವ ಅಧಿಕಾರ ಕೆಳಗೆ, ಬದುಕಿಸಿ ಬಂಧಿಸುವ ಅಧಿಕಾರ ಮೇಲೆ. ಜವಾಬ್ದಾರಿಯುಳ್ಳ ಕೆಲಸವನ್ನು ಹಿರಿಯರಿಗೆ ಬಿಡುವುದು ನಮ್ಮ ಸಂಸ್ಕೃತಿ.

ಮೇಲಿನ ಕೋರ್ಟಿಗೆ ಹೋಗುವುದೆಂದರೆ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವುದು ಎಂದು ನಂಬಿರುವ ಅಮಾಯಕರಿಗೆ ಪಾಲಾರ್ ಪ್ರಕರಣ ಒಳ್ಳೆಯ ಪಾಠ. 1993ರ ಏಪ್ರಿಲಿನಲ್ಲಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಕೆಲವರಿಗೆ ಜೀವಾವಧಿ ವಿಧಿಸಿತು. ಭಯೋತ್ಪಾದನೆ ತಡೆಯ ಆ ಟಾಡಾ ಕಾಯ್ದೆಯಲ್ಲಿ ಹೈಕೋರ್ಟಿನ ಮೆಟ್ಟಿಲೇ ಇರಲಿಲ್ಲ; ನೇರ ಸುಪ್ರೀಂ ಕೋರ್ಟು. ಅಪರಾಧಿಗಳು ಹೋದರು. ಹೈಕೋರ್ಟಿನ ವಿಳಂಬವಿಲ್ಲದೆ ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ನಾಲ್ವರ ಜೀವಾವಧಿಯನ್ನು ತಾನಾಗಿಯೇ ಗಲ್ಲಿಗೆ ಏರಿಸಿತು. ಆಮೇಲೆ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ದಿಲ್ಲಿಯಲ್ಲಿ ವಿಶ್ರಾಂತಿ ಪಡೆದು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಇಷ್ಟು ವಿಳಂಬ ಮಾಡಿದ್ದು ಕ್ರೌರ್ಯವೆಂದು ಹೇಳಿ, ಇವರೂ ಸೇರಿದಂತೆ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಮೈಸೂರಿನ ನ್ಯಾಯಾಧೀಶರು 2001ರಲ್ಲಿ ಎಲ್ಲಿ ನಿಲ್ಲಿಸಿದ್ದರೋ 2014ರಲ್ಲಿ ಗಣರಾಜ್ಯ ಅಲ್ಲಿಗೆ ಬಂದು ತಲುಪಿತು. ಮೈಸೂರಿನವರು ಆತುರಪಡುವುದಿಲ್ಲ ಎಂಬ ಮಾತನ್ನು ಇನ್ನು ಮುಂದೆ ಗೌರವದಿಂದ ಆಡಬೇಕು.

ಬೇರೆ ಬೇರೆ ಪೀಠಗಳು ಬೇರೆ ಬೇರೆ ತೀರ್ಪು ಕೊಡುತ್ತವೆ ಎಂದು ಹೊಟ್ಟೆಕಿಚ್ಚಿನವರು ಆಡಿಕೊಳ್ಳುವುದುಂಟು. ಅವರ ಬಾಯಿ ಮುಚ್ಚಿಸಲು 1982ರ ಹರ್ಬನ್ಸ್ ಸಿಂಗ್ ತೀರ್ಪನ್ನು ಓದಿಸಬೇಕು. ಒಂದೇ ಕೊಲೆ ಪ್ರಕರಣ, ಒಂದೇ ಸಾಕ್ಷ್ಯ, ಪಾತ್ರವೂ ಸಮಾನ, ಮೂವರಿಗೂ 1975ರಲ್ಲಿ ಗಲ್ಲು. ಮೂವರೂ ಸುಪ್ರೀಂ ಕೋರ್ಟಿಗೆ ಬೇರೆ ಬೇರೆಯಾಗಿ ಬಂದರು. ಒಬ್ಬನ ಅರ್ಜಿ 1976ರಲ್ಲಿ ವಜಾ. ಇನ್ನೊಬ್ಬನ ಗಲ್ಲು 1977ರಲ್ಲಿ ಜೀವಾವಧಿ. ಮೂರನೆಯವನ ಅರ್ಜಿ 1978ರಲ್ಲಿ ವಜಾ. ಜೊತೆಯವನ ಶಿಕ್ಷೆ ಇಳಿದಿತ್ತೆಂಬುದು ಆ ಪೀಠದ ಗಮನಕ್ಕೆ ಬಂದಿರಲಿಲ್ಲ. ಉಳಿದಿಬ್ಬರನ್ನು 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸುವುದೆಂದು ಗೊತ್ತಾಯಿತು. ಮೂರನೆಯವನು ಕೊನೆ ಗಳಿಗೆಯಲ್ಲಿ ಮತ್ತೊಂದು ಅರ್ಜಿ ಹಾಕಿ ತಡೆ ತಂದ. ಮೊದಲನೆಯವನು ಹಾಕಲಿಲ್ಲ; ಆ ದಿನ ಗಲ್ಲಿಗೇರಿದ. ಒಂದೇ ಅಪರಾಧಕ್ಕೆ ಒಬ್ಬನಿಗೆ ಸಾವು, ಒಬ್ಬನಿಗೆ ಬದುಕು, ಒಬ್ಬನಿಗೆ ಅನುಮಾನ. ವೈವಿಧ್ಯವೇ ನಮ್ಮ ಬಲ.

ಆಗ ಸುಪ್ರೀಂ ಕೋರ್ಟು ಏನು ಮಾಡಿತೆಂಬುದು ವ್ಯಾಪ್ತಿಪ್ರಿಯರು ಚಿನ್ನದ ಅಕ್ಷರದಲ್ಲಿ ಬರೆದಿಡಬೇಕಾದದ್ದು. ಮೂರನೆಯವನನ್ನು ಗಲ್ಲಿಗೇರಿಸುವುದು ಅನ್ಯಾಯವೆಂದು ಒಪ್ಪಿತು. ಆದರೆ ಅವನ ಕ್ಷಮಾದಾನದ ಅರ್ಜಿಯನ್ನು ರಾಷ್ಟ್ರಪತಿಗಳು ಅದಾಗಲೇ ತಿರಸ್ಕರಿಸಿದ್ದರಲ್ಲ, ಅವರ ಅಧಿಕಾರಕ್ಕೆ ಮರ್ಯಾದೆ ಕೊಡಬೇಕಲ್ಲ! ಆದ್ದರಿಂದ ತಾನೇ ಶಿಕ್ಷೆ ಇಳಿಸದೆ, ದಯವಿಟ್ಟು ತಾವೇ ಇಳಿಸಬೇಕೆಂದು ರಾಷ್ಟ್ರಪತಿಗಳಿಗೆ ಶಿಫಾರಸು ಕಳಿಸಿತು. ಇಷ್ಟಕ್ಕೇ ಸುಮ್ಮನಾಗದೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು: ಇನ್ನು ಮುಂದೆ ಯಾರನ್ನಾದರೂ ಗಲ್ಲಿಗೇರಿಸುವ ಮೊದಲು, ಸಹ ಅಪರಾಧಿಗಳಲ್ಲಿ ಯಾರ ಶಿಕ್ಷೆಯಾದರೂ ಇಳಿದಿದೆಯೇ ಎಂದು ಜೈಲಿನ ಸೂಪರಿಂಟೆಂಡೆಂಟರು ಖುದ್ದಾಗಿ ವಿಚಾರಿಸಿಕೊಳ್ಳಬೇಕು. ದೇಶದ ಅತ್ಯುನ್ನತ ನ್ಯಾಯಾಲಯದ ಎರಡು ಆದೇಶಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರಿಶೀಲಿಸುವ ಅಂತಿಮ ಅಧಿಕಾರ ಹೀಗೆ ಬೀಗದ ಕೈ ಇಟ್ಟುಕೊಂಡವರ ಪಾಲಿಗೆ ಬಂತು.

ಇನ್ನು ಪುನರ್‌ಪರಿಶೀಲನೆ. ಇದರ ವ್ಯಾಪ್ತಿ ಬಹಳ ಶುದ್ಧವಾದದ್ದು: ಕಡತದ ಮುಖದ ಮೇಲೆಯೇ ಎದ್ದು ಕಾಣುವ ತಪ್ಪಾಗಿರಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವುದು ನಮ್ಮ ಗಾದೆ. ಅಂಗೈ ಹುಣ್ಣಾದರೆ ಮಾತ್ರ ಬನ್ನಿ ಎನ್ನುವುದು ಈ ನಿಯಮ. ಒಳಗಿನ ರೋಗಕ್ಕೆ ಇಲ್ಲಿ ಮದ್ದಿಲ್ಲ. 1978ರಿಂದ ಇಂಥ ಅರ್ಜಿಗಳು ನ್ಯಾಯಮೂರ್ತಿಗಳ ಕೋಣೆಯಲ್ಲೇ ಕೈಯಿಂದ ಕೈಗೆ ದಾಟಿ ತೀರ್ಮಾನವಾಗುತ್ತಿದ್ದವು. ವಕೀಲರ ಗದ್ದಲವಿಲ್ಲ, ಸಭಿಕರ ಕೆಮ್ಮಿಲ್ಲ. 2014ರ ಮೊಹಮ್ಮದ್ ಆರಿಫ್ ತೀರ್ಪು ಈ ನೆಮ್ಮದಿಯನ್ನು ಕೆಡಿಸಿ, ಗಲ್ಲಿನ ಪ್ರಕರಣಗಳ ಪುನರ್‌ಪರಿಶೀಲನೆ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕೆಂದಿತು. ಆದರೆ ಅತಿಯಾಗಬಾರದಲ್ಲ, ವಾದಕ್ಕೆ ಗರಿಷ್ಠ 30 ನಿಮಿಷ ಎಂದು ಕಟ್ಟು ಹಾಕಿತು. ಅರ್ಧ ಗಂಟೆಯಲ್ಲಿ ಒಬ್ಬನ ಪ್ರಾಣದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಬಹುದು. ನಮ್ಮ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರು ಇದನ್ನು ಗಮನಿಸಬೇಕು.

ಆ ಅರ್ಧ ಗಂಟೆ ಏನು ಅನಾಹುತ ಮಾಡಬಲ್ಲದೆಂಬುದಕ್ಕೆ ಮಹಾರಾಷ್ಟ್ರದ ಆರು ಮಂದಿ ಸಾಕ್ಷಿ. ಅಲೆಮಾರಿ ಸಮುದಾಯದ ಬಡವರು. 2003ರಲ್ಲಿ ನಾಸಿಕ್ ಬಳಿ ನಡೆದ ಕೊಲೆ, ಅತ್ಯಾಚಾರಗಳ ಪ್ರಕರಣದಲ್ಲಿ ಸೆಷನ್ಸ್ ಕೋರ್ಟು ಆರೂ ಜನಕ್ಕೆ ಗಲ್ಲು ಎಂದಿತು. ಹೈಕೋರ್ಟು ಮೂವರಿಗೆ ಗಲ್ಲು ಉಳಿಸಿ ಮೂವರಿಗೆ ಜೀವಾವಧಿ ಕೊಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟು ಈ ತಾರತಮ್ಯವನ್ನು ಸಹಿಸದೆ ಮತ್ತೆ ಆರೂ ಜನಕ್ಕೆ ಗಲ್ಲು ಎಂದಿತು. ಪುನರ್‌ಪರಿಶೀಲನಾ ಅರ್ಜಿ ಮೊದಲು ಕೋಣೆಯಲ್ಲೇ ಬಿತ್ತು. ತೆರೆದ ನ್ಯಾಯಾಲಯದ ನಿಯಮ ಬಂದ ಮೇಲೆ ಮತ್ತೆ ತೆಗೆದು ನೋಡಿದರೆ, ಬದುಕುಳಿದ ಸಾಕ್ಷಿಯು ಪೊಲೀಸರ ಫೋಟೊ ಆಲ್ಬಮಿನಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರನ್ನು ಯಾರೂ ಕೇಳಿರಲಿಲ್ಲ. 2019ರ ಮಾರ್ಚ್ 5ರಂದು ಆರೂ ಜನರ ಬಿಡುಗಡೆಯಾಯಿತು. ತಲಾ 5 ಲಕ್ಷ ರೂಪಾಯಿ ಪರಿಹಾರ. 16 ವರ್ಷಕ್ಕೆ ಹಂಚಿದರೆ ದಿನಕ್ಕೆ 85 ರೂಪಾಯಿ ಚಿಲ್ಲರೆ, ಊಟ ವಸತಿ ಬೇರೆ. ಸಹಿಯಾದ ತೀರ್ಪಿನಲ್ಲಿ ಲೆಕ್ಕದ ತಪ್ಪನ್ನು ತಿದ್ದಬಹುದೆಂದು ಕಾನೂನು ಹೇಳುತ್ತದಷ್ಟೆ. ಇಲ್ಲಿ ತಿದ್ದುವಂಥದ್ದೇನೂ ಇಲ್ಲ, ಭಾಗಾಕಾರ ಸರಿಯಾಗಿಯೇ ಇದೆ.

ಪುನರ್‌ಪರಿಶೀಲನೆಯೂ ಬಿದ್ದ ಮೇಲೆ ಕ್ಯುರೇಟಿವ್ ಅರ್ಜಿ. ಗಲ್ಲಿನ ಕೈದಿಯ ಈ ಕಟ್ಟಕಡೆಯ ಆಸರೆ ಹುಟ್ಟಿದ್ದು ಯಾವ ಗಲ್ಲಿನ ಪ್ರಕರಣದಲ್ಲೂ ಅಲ್ಲ. 2002ರಲ್ಲಿ, ಒಂದು ವಿಚ್ಛೇದನದ ವ್ಯಾಜ್ಯದಲ್ಲಿ. ಗಂಡ ಹೆಂಡಿರ ಜಗಳ ಇಷ್ಟು ದೂರದವರೆಗೆ ಲೋಕೋಪಕಾರಿಯಾದದ್ದು ಬೇರೆಲ್ಲೂ ಕಾಣೆ. ಈ ಅರ್ಜಿಗೆ ಹಿರಿಯ ವಕೀಲರೊಬ್ಬರ ಪ್ರಮಾಣಪತ್ರ ಬೇಕು. ಅದು ಮೂವರು ಅತಿ ಹಿರಿಯ ನ್ಯಾಯಮೂರ್ತಿಗಳ ಮುಂದೆಯೂ, ಸಿಕ್ಕಿದರೆ ಮೊದಲಿನ ತೀರ್ಪು ಕೊಟ್ಟವರ ಮುಂದೆಯೂ ಹೋಗುತ್ತದೆ. ಹುರುಳಿಲ್ಲದ ಅರ್ಜಿಯಾದರೆ ದಂಡ ಹಾಕಬಹುದು. ನೇಣಿಗೆ ಹೋಗುವವನಿಗೆ ದಂಡದ ಭಯವನ್ನೂ ಇಟ್ಟಿರುವುದು ಪರಿಪೂರ್ಣತೆಯ ಗುರುತು.

ಈ ಎಲ್ಲ ಮೆಟ್ಟಿಲುಗಳನ್ನೂ ಒಂದೂ ಬಿಡದೆ ಹತ್ತಿದ ಒಬ್ಬನಿದ್ದಾನೆ. 1994ರಲ್ಲಿ ಡೆಹ್ರಾಡೂನಿನಲ್ಲಿ ನಡೆದ ಕೊಲೆಗಳು. ಶಿಕ್ಷೆಯ ವಿಚಾರಣೆಯಲ್ಲೇ ತಾನು ಆಗ ಬಾಲಕ ಎಂದ. ಅವನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇತ್ತು, ಆದ್ದರಿಂದ ವಯಸ್ಕ ಎಂದಿತು ವಿಚಾರಣಾ ನ್ಯಾಯಾಲಯ. ಹೈಕೋರ್ಟು, ಸುಪ್ರೀಂ ಕೋರ್ಟು, ಪುನರ್‌ಪರಿಶೀಲನೆ, ಕ್ಯುರೇಟಿವ್, ರಾಜ್ಯಪಾಲರು, ಎಲ್ಲ ಕಡೆಯೂ ಆಗದೆಂಬ ಉತ್ತರ. 2012ರಲ್ಲಿ ರಾಷ್ಟ್ರಪತಿಗಳು ಗಲ್ಲನ್ನು ಇಳಿಸಿದರು, 60 ವರ್ಷ ತುಂಬುವವರೆಗೆ ಬಿಡಬಾರದೆಂಬ ಷರತ್ತಿನ ಮೇಲೆ. ವಯಸ್ಸಿನ ದಾಖಲೆ ಹಿಡಿದು ಮತ್ತೆ ಹೈಕೋರ್ಟಿಗೆ ಹೋದರೆ, ರಾಷ್ಟ್ರಪತಿಗಳ ಆದೇಶವನ್ನು ನಾವು ಪರಿಶೀಲಿಸುವುದಕ್ಕೆ ಮಿತಿಯಿದೆ ಎಂದು ಉತ್ತರಾಖಂಡ ಹೈಕೋರ್ಟು ವಿನಯದಿಂದ ಕೈಮುಗಿಯಿತು. 2025ರ ಜನವರಿ 8ರಂದು ಸುಪ್ರೀಂ ಕೋರ್ಟು, ಅಪರಾಧ ನಡೆದಾಗ ಅವನಿಗೆ 14 ವರ್ಷ ಎಂದು ಕಂಡುಕೊಂಡು ಬಿಡುಗಡೆ ಮಾಡಿತು. ಅಷ್ಟರಲ್ಲಿ ಒಳಗೆ ಸುಮಾರು 25 ವರ್ಷ ಕಳೆದಿದ್ದ. ಇದಕ್ಕೂ ಮೊದಲು, 2023ರ ಮಾರ್ಚಿನಲ್ಲಿ, ಪುಣೆಯ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಯಾಗಿ 28 ವರ್ಷ ಒಳಗಿದ್ದ ಇನ್ನೊಬ್ಬನಿಗೆ ಅಪರಾಧದ ದಿನ 12 ವರ್ಷ 6 ತಿಂಗಳಾಗಿತ್ತೆಂದು ತಿಳಿಯಿತು. ಬಾಲಕನೆಂಬ ವಾದವನ್ನು ಯಾವ ಹಂತದಲ್ಲಿ ಬೇಕಾದರೂ, ಎಲ್ಲ ಮುಗಿದ ಮೇಲೂ ಎತ್ತಬಹುದೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಯಾವ ಹಂತದಲ್ಲಿ ಕೇಳಿಸಿಕೊಳ್ಳಬೇಕೆಂದು ಮಾತ್ರ ಅದು ಹೇಳಿಲ್ಲ. ಕಾಯ್ದೆಗೂ ಒಂದು ಮಿತಿಯಿರುತ್ತದೆ.

ಕ್ಷಮಾದಾನದ ವಿಷಯಕ್ಕೆ ಬಂದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿ ಸಂವಿಧಾನದ ತತ್ವವೇ ಆಗಿದೆ. ಸಹಿ ರಾಷ್ಟ್ರಪತಿಗಳದು, ಸಲಹೆ ಮಂತ್ರಿಮಂಡಲದ್ದು, ಟಿಪ್ಪಣಿ ಗೃಹ ಸಚಿವಾಲಯದ್ದು. ಹೊಸ ಸಂಹಿತೆಯ 472ನೇ ಸೆಕ್ಷನ್ ಇದಕ್ಕೊಂದು ಅಚ್ಚುಕಟ್ಟು ತಂದಿದೆ. ಕೈದಿ 30 ದಿನದಲ್ಲಿ ಅರ್ಜಿ ಕೊಡಬೇಕು. ರಾಜ್ಯಪಾಲರು ಒಲ್ಲೆನೆಂದರೆ 60 ದಿನದಲ್ಲಿ ರಾಷ್ಟ್ರಪತಿಗಳಿಗೆ ಬರೆಯಬೇಕು. ಕೇಂದ್ರ ಸರ್ಕಾರ 60 ದಿನದಲ್ಲಿ ಶಿಫಾರಸು ಮಾಡಬೇಕು. ರಾಷ್ಟ್ರಪತಿಗಳು ಎಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಬರೆಯುವ ಅಗೌರವವನ್ನು ಸಂಹಿತೆ ಮಾಡಿಲ್ಲ. ತೀರ್ಮಾನ ಬಂದ ಮೇಲೆ ಅದು ಅಂತಿಮ, ಅದನ್ನು ಹೇಗೆ ತಲುಪಿದರೆಂದು ಯಾವ ನ್ಯಾಯಾಲಯವೂ ಕೇಳಕೂಡದು ಎಂದೂ ಬರೆದಿದೆ. ಹಾಗೆ ಕೇಳಿದ್ದರಿಂದಲೇ 2014ರಲ್ಲಿ 15 ಜೀವಗಳು ಉಳಿದವು. ಅಂಥ ಘಟನೆ ಮರುಕಳಿಸದಂತೆ ಶಾಸಕರು ಎಚ್ಚರ ವಹಿಸಿರುವುದು ಮೆಚ್ಚತಕ್ಕದ್ದು.

ಶಿಕ್ಷೆ ಮಾಫಿ ಮಾಡುವ ಅಧಿಕಾರ ಯಾವ ಸರ್ಕಾರದ್ದೆಂಬ ಪ್ರಶ್ನೆಗೆ ಕಾನೂನಿನ ಉತ್ತರ ಸರಳ: ಶಿಕ್ಷೆ ಎಲ್ಲಾಯಿತೋ ಆ ರಾಜ್ಯದ್ದು. ಬಿಲ್ಕಿಸ್ ಬಾನು ಪ್ರಕರಣದ ಅಪರಾಧ ನಡೆದದ್ದು ಗುಜರಾತಿನಲ್ಲಿ, ನ್ಯಾಯ ಸಿಗಲೆಂದು ವಿಚಾರಣೆ ವರ್ಗವಾಗಿ ಶಿಕ್ಷೆಯಾದದ್ದು ಮುಂಬಯಿಯಲ್ಲಿ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಗುಜರಾತ್ ಸರ್ಕಾರವೇ ತೀರ್ಮಾನಿಸಲಿ ಎಂದಿತು. ಗುಜರಾತ್ ತೀರ್ಮಾನಿಸಿ, ಆ ಸ್ವಾತಂತ್ರ್ಯೋತ್ಸವದ ದಿನ 11 ಮಂದಿ ಹಾರ ಹಾಕಿಸಿಕೊಂಡು ಹೊರಬಂದರು. 2024ರ ಜನವರಿ 8ರಂದು ಇನ್ನೊಂದು ಪೀಠ, ಸಂಗತಿಗಳನ್ನು ಮುಚ್ಚಿಟ್ಟು ಪಡೆದ ಆ ಹಿಂದಿನ ಆದೇಶಕ್ಕೆ ಬೆಲೆಯೇ ಇಲ್ಲ, ಅಧಿಕಾರ ಮಹಾರಾಷ್ಟ್ರದ್ದು ಎಂದು ಎಲ್ಲರನ್ನೂ ಮರಳಿ ಒಳಗೆ ಕಳಿಸಿತು. ವ್ಯಾಪ್ತಿಯಿಲ್ಲ ಎಂಬ ಮಾತು ಬಡಪಾಯಿಗಳಿಗೆ ಮೊದಲ ದಿನವೇ ಎದುರಾಗುತ್ತದೆ. ಕೆಲವರಿಗೆ ಒಂದೂವರೆ ವರ್ಷ ಊರಲ್ಲಿ ಓಡಾಡಿಕೊಂಡು ಬಂದ ಮೇಲೆ. ಇದನ್ನು ತಾರತಮ್ಯ ಎನ್ನಬಾರದು. ಕಡತಗಳಿಗೂ ಅವುಗಳದೇ ನಡಿಗೆ ಇರುತ್ತದೆ.

ಈಚೆಗೆ ಮಾತ್ರ ಕೆಲವು ಬೆಳವಣಿಗೆಗಳು ನಮ್ಮಂಥ ಅಭಿಮಾನಿಗಳಿಗೆ ಆತಂಕ ಹುಟ್ಟಿಸಿವೆ. ನ್ಯಾಯಾಲಯದ ತೀರ್ಪು ಯಾರ ಮೂಲಭೂತ ಹಕ್ಕನ್ನೂ ಕಸಿಯಲಾರದೆಂದು 1966ರ ಮಿರಾಜ್‌ಕರ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿ, ನಾವೆಲ್ಲ ನಿಶ್ಚಿಂತರಾಗಿದ್ದೆವು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಅಪರಾಧಿಯ ಹಿನ್ನೆಲೆ, ಮನಸ್ಥಿತಿಗಳನ್ನು ನೋಡದೆ ಕೊಟ್ಟ ಗಲ್ಲನ್ನು, ಕ್ಷಮಾದಾನ ತಿರಸ್ಕೃತವಾದ ಮೇಲೂ, 32ನೇ ವಿಧಿಯಡಿ ಮತ್ತೆ ತೆರೆದು ನೋಡಬಹುದು ಎಂದುಬಿಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ನಿಠಾರಿ ಪ್ರಕರಣದ ಕ್ಯುರೇಟಿವ್ ಅರ್ಜಿಯನ್ನೂ ಪುರಸ್ಕರಿಸಿತು. ಒಂದೇ ಬಗೆಯ ಸಾಕ್ಷ್ಯದ ಮೇಲೆ 12 ಪ್ರಕರಣಗಳಲ್ಲಿ ಖುಲಾಸೆಯಾಗಿದ್ದವನು 13ನೆಯದರಲ್ಲಿ ಅಪರಾಧಿಯಾಗಿಯೇ ಉಳಿದಿದ್ದ, ಅದನ್ನೂ ಸರಿಪಡಿಸಿದರು. ಹೀಗೆ ತಪ್ಪು ಕಂಡಲ್ಲೆಲ್ಲ ತಿದ್ದುತ್ತ ಹೋದರೆ ಅಂತಿಮ ತೀರ್ಪು ಎಂಬುದಕ್ಕೆ ಏನು ಮರ್ಯಾದೆ ಉಳಿಯಿತು?

ಕಾಲ ಕೆಟ್ಟಿದೆ, ಇರಲಿ. ಇನ್ನು ಮುಂದೆ ಶಿಕ್ಷೆಗೆ ಗುರಿಯಾಗುವವರ ಅನುಕೂಲಕ್ಕೆ, ವರದಿಯಾದ ತೀರ್ಪುಗಳಿಂದ ಆಯ್ದ ಕೆಲವು ಕಿವಿಮಾತುಗಳನ್ನು ಹೇಳಿ ಮುಗಿಸುತ್ತೇನೆ. ಹುಟ್ಟುವಾಗಲೇ ಜನನ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಹದಿನೆಂಟು ತುಂಬುವ ಮೊದಲು ಬ್ಯಾಂಕಿನ ಹತ್ತಿರ ಸುಳಿಯಬೇಡಿ. ಜೀವಾವಧಿ ಸಿಕ್ಕರೆ ಕಣ್ಣಿಗೊತ್ತಿಕೊಂಡು ಸುಮ್ಮನಿರಿ. ಮೇಲೆ ಹೋಗಿ ಚೌಕಾಸಿ ಮಾಡಬೇಡಿ. ನಿಮ್ಮ ಜೊತೆಯವರ ಅರ್ಜಿ ಏನಾಯಿತೆಂದು ನೀವೇ ವಿಚಾರಿಸಿಕೊಳ್ಳಿ, ಪೀಠಕ್ಕೆ ತೊಂದರೆ ಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆಯಸ್ಸು ಗಟ್ಟಿಯಿರಲಿ. ತೀರ್ಪು ತಪ್ಪೆಂದು ಗೊತ್ತಾಗಲು ಒಬ್ಬರಿಗೆ 16 ವರ್ಷ ಹಿಡಿಯಿತು, ಒಬ್ಬರಿಗೆ 25, ಒಬ್ಬರಿಗೆ 28. ಅಪರಾಧಿಯ ಬದುಕಿನ ಹಿನ್ನೆಲೆ ನೋಡುವ ಅಗತ್ಯವೇ ಇಲ್ಲವೆಂದು ರಾಜಸ್ಥಾನದ ರಾವ್ಜಿ ಎಂಬವನಿಗೆ ಸುಪ್ರೀಂ ಕೋರ್ಟು ಗಲ್ಲು ಖಾಯಂ ಮಾಡಿತ್ತು. ಆ ತೀರ್ಪು ಕಾನೂನನ್ನು ಗಮನಿಸದೆ ಕೊಟ್ಟದ್ದೆಂದು ಅದೇ ಕೋರ್ಟು 2009ರಲ್ಲಿ ಒಪ್ಪಿಕೊಂಡಿತು. ಅವನನ್ನು ಗಲ್ಲಿಗೇರಿಸಿದ್ದು 1996ರ ಮೇ 4ರಂದು. ಕೋರ್ಟು ತಪ್ಪೊಪ್ಪಿಕೊಂಡ ಮೇಲೆ ಅವನ ಪರವಾಗಿ ಅರ್ಜಿ ಹಾಕಿದ್ದರೂ ಪ್ರಯೋಜನವಿರಲಿಲ್ಲ. ಅವನು ಹೋದ ಜಾಗ ಯಾವ ನ್ಯಾಯಾಲಯದ ವ್ಯಾಪ್ತಿಗೂ ಬರುವುದಿಲ್ಲ.